ಕಕ್ಕಸಿನ ಕೊಳವೆ ಎಲ್ಲಿಗೆ ಹೋಗುವುದು?

ವಿಜ್ಞಾನದ ವಿಜಯಗಳನ್ನು ಎಣಿಸುವಾಗ ಉಗಿಯಂತ್ರ, ವಿದ್ಯುದ್ದೀಪ, ವಿಮಾನಗಳನ್ನು ಎಲ್ಲರೂ ಹೆಸರಿಸುವರು. ಕಕ್ಕಸನ್ನು ಹೆಸರಿಸುವವರು ವಿರಳ. ದಿನವೂ ಎಲ್ಲರಿಗೂ ಬೇಕಾದ ವಸ್ತುವಿನ ವಿಷಯದಲ್ಲಿ ಈ ಸಂಕೋಚವು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಸಂಕೋಚವಿದ್ದೆಡೆ ವಿಚಾರವು ನಿಲ್ಲುವುದು. ವಿಚಾರ ನಿಂತೆಡೆ ಯಾರಾದರೊಬ್ಬರು ಅದರ ಬೆಲೆಯನ್ನು ತೆರಬೇಕಾಗುವುದು.

ನೀರು ಹರಿಸಿ ತೊಳೆಯುವ ಕಕ್ಕಸನ್ನು ಟಾಮಸ್ ಕ್ರ್ಯಾಪರ್ ಎಂಬ ಆಂಗ್ಲ ವರ್ತಕನು ಕಂಡುಹಿಡಿದನೆಂಬ ಮಾತೊಂದು ಪ್ರಚಾರದಲ್ಲಿದೆ. ಅದು ನಿಜವಲ್ಲ. ಅವನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ, 1596ರಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿದ್ದ ಕವಿ ಸರ್ ಜಾನ್ ಹ್ಯಾರಿಂಗ್ಟನ್ ಇಂತಹ ಸಾಧನವನ್ನು ವರ್ಣಿಸಿ ಪುಸ್ತಕವನ್ನೇ ಬರೆದಿದ್ದನು. ಆದರೆ ಆ ಕಾಲದ ಮನೆಗಳಿಗೆ ನಲ್ಲಿಯ ನೀರಾಗಲಿ ಒಳಚರಂಡಿಯಾಗಲಿ ಇರಲಿಲ್ಲವಾದುದರಿಂದ ಅದು ಬಳಕೆಗೆ ಬರಲಿಲ್ಲ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು ಕಕ್ಕಸಿನ ಕೆಳಗಣ ಕೊಳವೆಯನ್ನು ಬಾಗಿಸಿ ಹಕ್ಕುಪತ್ರ ಪಡೆದನು. ಬಾಗಿದೆಡೆಯಲ್ಲಿ ನಿಂತ ನೀರು ಚರಂಡಿಯ ದುರ್ಗಂಧ ಮೇಲೇರದಂತೆ ತಡೆಯುವುದು. ನಮ್ಮ ಮನೆಗಳ ಕಕ್ಕಸಿನಲ್ಲಿ ಸದಾ ಕಾಣುವ ನೀರಿನ ರಹಸ್ಯವೂ ಇದೇ.

ಮನೆಯೊಳಗಿನ ವಾಸನೆ ಹೋಯಿತು. ಆದರೆ ಹೊಲಸು ಹೋದುದೆಲ್ಲಿಗೆ? ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಕಕ್ಕಸುಗಳು ಹೆಚ್ಚಿದಂತೆಲ್ಲ, ಮಳೆಯ ನೀರಿಗೆಂದು ಕಟ್ಟಿದ್ದ ಚರಂಡಿಗಳ ಮೂಲಕ ಮಲವು ಥೇಮ್ಸ್ ನದಿಯನ್ನು ಸೇರತೊಡಗಿತು. ಅದೇ ನದಿಯ ನೀರನ್ನು ನಗರದ ಅನೇಕರು ಕುಡಿಯುತ್ತಿದ್ದರು. 1848–49ರ ಕಾಲರಾ ಪಿಡುಗಿನಲ್ಲಿ ಅಲ್ಲಿ 14,000ಕ್ಕೂ ಹೆಚ್ಚು ಜನರು ಸತ್ತರು. ಕೆಟ್ಟ ನೀರೇ ರೋಗಕ್ಕೆ ಕಾರಣವೆಂದು 1854ರಲ್ಲಿ ಡಾಕ್ಟರ್ ಜಾನ್ ಸ್ನೋ ತೋರಿಸಿಕೊಟ್ಟರೂ ಆಳುವವರು ಒಡನೆ ನಂಬಲಿಲ್ಲ. 1858ರ ಬೇಸಗೆಯಲ್ಲಿ ನದಿಯ ನಾತವು ಪಾರ್ಲಿಮೆಂಟ್ ಭವನವನ್ನೇ ಹೊಕ್ಕಾಗ ಮಾತ್ರ ಹಣ ಮಂಜೂರಾಯಿತು. ಇಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಮಹಾಚರಂಡಿಗಳನ್ನು ಕಟ್ಟಿದನು. 1866ರಲ್ಲಿ ಕಾಲರಾ ಮರಳಿ ಬಂದಿತು; ಚರಂಡಿಯ ಕೆಲಸ ಮುಗಿಯದಿದ್ದ ಪೂರ್ವಭಾಗದಲ್ಲಿಯೇ ಅದರ ಹಾವಳಿ ಹೆಚ್ಚಾಗಿದ್ದಿತು. ಇದಕ್ಕಿಂತ ಸ್ಪಷ್ಟವಾದ ಪಾಠ ಬೇರೆ ಬೇಕೆ?

ಈ ಪಾಠ ನಮ್ಮ ನಾಡಿಗೂ ಸಲ್ಲುವುದು. ಸುಮಾರು 4,500 ವರ್ಷಗಳ ಹಿಂದೆ ಸಿಂಧೂ ಕಣಿವೆಯ ಮೊಹೆಂಜೊದಾರೊ ನಗರದಲ್ಲಿ ಮನೆಯ ಕೊಳೆನೀರು ಇಟ್ಟಿಗೆಯ ಮುಚ್ಚುಚರಂಡಿಗಳಲ್ಲಿ ಹರಿಯುತ್ತಿದ್ದಿತು. ಆದರೆ ಮುಂದಿನ ಕಾಲದಲ್ಲಿ ಭಾರತದ ಊರುಗಳಲ್ಲಿ ಮಲವು ಕೊಳವೆಯಲ್ಲಿ ಹರಿಯದೆ ಮನುಷ್ಯರ ತಲೆಯ ಮೇಲೆ ಸಾಗಿತು; ಅದನ್ನು ಹೊರುವ ಕೆಲಸವನ್ನು ಹುಟ್ಟಿನ ಕಾರಣದಿಂದಲೇ ಕೆಲವರಿಗೆ ಕಟ್ಟಲಾಯಿತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಈ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳಾದವು. ಹೀಗಿದ್ದರೂ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿದ ಕಾರ್ಮಿಕರು ಹೈಡ್ರೊಜನ್ ಸಲ್ಫೈಡಿನಂತಹ ವಿಷಾನಿಲದಿಂದ ಸಾಯುವುದು ಇಂದಿಗೂ ನಿಂತಿಲ್ಲ.

ಇದಕ್ಕೆ ಉಪಾಯವಿಲ್ಲವೆಂದಲ್ಲ. ನಗರಗಳಲ್ಲಿ ಈ ಕೆಲಸಕ್ಕೆ ಯಂತ್ರಗಳಿವೆ. ಒಳಚರಂಡಿಯಿಲ್ಲದ ಊರುಗಳಲ್ಲಿ, ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿ ಎರಡು ಇಂಗುಗುಂಡಿಗಳನ್ನು ತೋಡಬಹುದು. ಒಂದು ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸುವುದು. ಮುಚ್ಚಿದ ಗುಂಡಿಯಲ್ಲಿ ನೀರು ಮಣ್ಣಿಗೆ ಇಂಗಿ, ರೋಗಾಣುಗಳು ನಶಿಸಿ, ಸುಮಾರು ಎರಡು ವರ್ಷಗಳಲ್ಲಿ ಉಳಿದುದು ವಾಸನೆಯಿಲ್ಲದ ಗೊಬ್ಬರವಾಗುವುದು.

ಇದೆಲ್ಲ ಇಂಜಿನಿಯರುಗಳ ಚಿಂತೆಯೆಂದು ಕೆಲವರು ಹೇಳಬಹುದು. ನಾವು ಒಪ್ಪುವುದಿಲ್ಲ. ಕಕ್ಕಸುಗಳ ಸಂಖ್ಯೆಯನ್ನು ಹೇಳಿ ತೃಪ್ತರಾಗುವುದು ಅರ್ಧ ಲೆಕ್ಕವನ್ನಷ್ಟೇ ಮಾಡಿದಂತೆ. ವಿದ್ಯಾರ್ಥಿಗಳು ತಮ್ಮ ಮನೆಯ, ಶಾಲೆಯ, ಹಾಸ್ಟೆಲಿನ ಕಕ್ಕಸನ್ನು ಕುರಿತು ಎರಡು ಪ್ರಶ್ನೆಗಳನ್ನು ನಾಚದೆ ಕೇಳಲಿ: ಈ ಕೊಳವೆ ಎಲ್ಲಿಗೆ ಹೋಗುವುದು? ಅದರ ಕೊನೆಯಲ್ಲಿ ಶುಚಿಮಾಡುವವರು ಯಾರು? ಎರಡನೆಯ ಪ್ರಶ್ನೆಗೆ ‘ಯಂತ್ರ’ವೆಂಬ ಉತ್ತರ ಬರುವವರೆಗೂ ಕೇಳುತ್ತಲೇ ಇರಲಿ.