ಒಲೆಯ ಮುಂದಿನ ಮಾರ್ಥಾ, ಪರಿಮಳದ ಮರಿಯಾ



ಮನೆಗೆ ನೆಂಟರು ಬಂದಾಗ ಒಬ್ಬಳು ಒಲೆಯ ಮುಂದೆ ಬೆವರು ಸುರಿಸುತ್ತಿರುತ್ತಾಳೆ. ಇನ್ನೊಬ್ಬಳು ಪಡಸಾಲೆಯಲ್ಲಿ ಮಾತು ಕೇಳುತ್ತಾ ಕೂತಿರುತ್ತಾಳೆ. "ಎಲ್ಲಾ ನಾನೊಬ್ಬಳೇ ಮಾಡಿ ಸಾಯ್ಬೇಕಾ?" ಎಂಬ ಗೊಣಗಾಟ ಯಾವ ಮನೆಯಲ್ಲಿಲ್ಲ ಹೇಳಿ? ಬೈಬಲಿನಲ್ಲೂ ಅದು ಇದೆ! ಯೇಸುವನ್ನು ನಂಬುವುದೆಂದರೇನು, ಆರಾಧನೆಯಲ್ಲಿ ಆತನನ್ನು ಗೌರವಿಸುವುದೆಂದರೇನು ಎಂಬುದನ್ನು ಕ್ರೈಸ್ತರು ಅಂಥದೇ ಒಂದು ಮನೆಯ ಕಥೆಯಿಂದ ಕಲಿಯುತ್ತಾರೆ.

ಜೆರುಸಲೇಮಿನಿಂದ ಸುಮಾರು 3 ಕಿಲೋಮೀಟರ್ ದೂರದಲ್ಲಿ, ಆಲಿವ್ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಬೇಥಾನ್ಯ ಎಂಬ ಊರು. ಮಾರ್ಥಾ, ಮರಿಯಾ, ಅವರ ಸೋದರ ಲಾಜರ ಅಲ್ಲಿನವರು. ಮೂವರೂ ಯೇಸುವಿಗೆ ಬಹಳ ಬೇಕಾದವರು.

ಯೇಸು ಅವರ ಮನೆಗೆ ಬಂದ ಒಂದು ದಿನದ ಸಂಗತಿಯನ್ನು ಲೂಕ ತನ್ನ 10ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಮರಿಯಾ ಗುರುವಿನ ಪಾದದ ಬಳಿ ಕೂತು ಉಪದೇಶ ಕೇಳುತ್ತಿದ್ದಳು. ಮಾರ್ಥಾಳಿಗೆ ಕೈತುಂಬ ಕೆಲಸ. ತಡೆಯಲಾರದೆ ಆಕೆ ಅತಿಥಿಯ ಮುಂದೆಯೇ ದೂರು ಹೇಳಿಬಿಟ್ಟಳು. ನೀನು ಹಲವು ಚಿಂತೆಗಳನ್ನು ಹೊತ್ತು ತಳಮಳಿಸುತ್ತಿದ್ದೀಯೆ, ಬೇಕಾದದ್ದು ಒಂದೇ, ಅದನ್ನು ಮರಿಯಾ ಆರಿಸಿಕೊಂಡಿದ್ದಾಳೆ ಎಂಬುದು ಯೇಸುವಿನ ಉತ್ತರದ ಸಾರ. ಇದನ್ನು ಓದಿ, "ಹಾಗಾದರೆ ಅಡುಗೆ ಮಾಡೋದು ಕೀಳೇ?" ಎಂದು ಬೇಸರಿಸುವವರುಂಟು. ಗಮನಿಸಿ: ಯೇಸು ಆಕೆಯ ಕೆಲಸವನ್ನು ಹಳಿಯಲಿಲ್ಲ, ತಳಮಳವನ್ನು ಎತ್ತಿ ತೋರಿಸಿದ, ಅಷ್ಟೆ. ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಮುಂದಿನದನ್ನು ಯೋಹಾನ ಹೇಳುತ್ತಾನೆ.

ಲಾಜರನಿಗೆ ಕಾಯಿಲೆಯಾಯಿತು. ಸೋದರಿಯರು ಹೇಳಿಕಳಿಸಿದರು. ಯೇಸು ಕೂಡಲೇ ಹೊರಡಲಿಲ್ಲ, ಇದ್ದಲ್ಲೇ ಇನ್ನೆರಡು ದಿನ ಉಳಿದ. ಬರುವ ಹೊತ್ತಿಗೆ ಲಾಜರನನ್ನು ಸಮಾಧಿ ಮಾಡಿ 4 ದಿನವಾಗಿತ್ತು. ಆತನನ್ನು ಎದುರುಗೊಳ್ಳಲು ಮೊದಲು ಓಡಿದವಳು ಯಾರು ಗೊತ್ತೇ? ಅದೇ ಮಾರ್ಥಾ! ನೀನು ಇಲ್ಲಿದ್ದಿದ್ದರೆ ನನ್ನ ಸೋದರ ಸಾಯುತ್ತಿರಲಿಲ್ಲ ಎಂದು ಮುಖಕ್ಕೇ ಹೇಳಿದಳು. ಅದರ ಬೆನ್ನಿಗೇ, ಈಗಲೂ ನೀನು ಕೇಳಿದ್ದನ್ನು ದೇವರು ಕೊಡುತ್ತಾನೆಂದು ಬಲ್ಲೆ ಎಂದಳು. ನಂಬುತ್ತೀಯಾ ಎಂದು ಯೇಸು ಕೇಳಿದಾಗ, ನೀನೇ ಬರಬೇಕಾದ ಕ್ರಿಸ್ತ ಎಂದು ಒಪ್ಪಿಕೊಂಡಳು. ಆಕೆ ಈ ಮಾತು ಹೇಳುವಾಗ ಸಮಾಧಿಯ ಬಾಯಿ ಇನ್ನೂ ಮುಚ್ಚಿಯೇ ಇತ್ತು. ಲಾಜರ ಎದ್ದು ಬಂದದ್ದು ಆಮೇಲೆ.

ಸೋದರಿಯರೇ, ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗುವನ್ನೋ ಗಂಡನನ್ನೋ ಕಳೆದುಕೊಂಡ ಹೆಣ್ಣಿಗೆ "ನಿನ್ನ ನಂಬಿಕೆ ಸಾಲದು, ಅದಕ್ಕೇ ಹೀಗಾಯ್ತು" ಎನ್ನುವ ಬಾಯಿಗಳು ಎಲ್ಲ ಊರಲ್ಲೂ ಇವೆ. ಗಾಯದ ಮೇಲೆ ಉಪ್ಪು ಸವರುವ ಮಾತದು. ಮಾರ್ಥಾ ಆಕ್ಷೇಪಿಸಿದಳು. ಆಕೆಗೆ ನಂಬಿಕೆ ಇಲ್ಲವೆಂದು ಯೇಸು ದೂರ ತಳ್ಳಲಿಲ್ಲ. ಆ ಸಮಾಧಿಯತ್ತ ಹೋಗುವಾಗ ಆತನೂ ಕಣ್ಣೀರಿಟ್ಟ. ಬೇಡಿದ್ದು ಬೇಡಿದ ಹೊತ್ತಿಗೆ ಸಿಗುತ್ತದೆಂಬ ಲೆಕ್ಕಾಚಾರ ನಂಬಿಕೆಯಲ್ಲ. ತಡವಾದಾಗಲೂ, ಮನಸ್ಸು ನೊಂದಾಗಲೂ, ಆ ನೋವನ್ನು ಆತನ ಮುಂದೆಯೇ ಇಡುವುದು ನಂಬಿಕೆ.

ಗೌರವದ ಪಾಠ ಇದಾದ ಮೇಲೆ ಬರುತ್ತದೆ. ಪಾಸ್ಕ ಹಬ್ಬಕ್ಕೆ 6 ದಿನ ಮೊದಲು ಬೇಥಾನ್ಯದಲ್ಲಿ ಊಟ. ಮರಿಯಾ ಅಚ್ಚ ಜಟಾಮಾಂಸಿ ತೈಲ ತಂದು ಯೇಸುವಿನ ಪಾದಗಳಿಗೆ ಹಚ್ಚಿ, ತನ್ನ ತಲೆಗೂದಲಿನಿಂದ ಒರೆಸಿದಳು. ಮನೆಯೆಲ್ಲ ಘಮಘಮ! ನಾವು ಕೂದಲಿನ ಎಣ್ಣೆಗೆ ಹಾಕಲು ಗ್ರಂಧಿಗೆ ಅಂಗಡಿಯಿಂದ ತರುತ್ತೇವಲ್ಲ, ಅದೇ ಜಟಾಮಾಂಸಿ. ಅದು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಗಿಡ. ಅಷ್ಟು ದೂರದ ಸರಕೆಂದ ಮೇಲೆ ಬೆಲೆ ಕೇಳಬೇಕೇ? ಆ ತೈಲಕ್ಕೆ 300 ದಿನಾರಿ. ಕೂಲಿಯವನ ಒಂದು ದಿನದ ಸಂಬಳ 1 ದಿನಾರಿ. ಅಂದರೆ ಹೆಚ್ಚುಕಡಿಮೆ ವರ್ಷದ ದುಡಿಮೆ.

ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಶಿಷ್ಯ ಯೂದ ಆಕ್ಷೇಪಿಸಿದ. ಹಣದ ಪೆಟ್ಟಿಗೆ ಅವನ ವಶದಲ್ಲಿತ್ತು, ಅದರಿಂದ ಅವನು ಕದಿಯುತ್ತಿದ್ದ ಎಂದು ಯೋಹಾನ ಬರೆದಿದ್ದಾನೆ. ಯೇಸು ಮಾತ್ರ ಮರಿಯಾಳ ಪಕ್ಷ ವಹಿಸಿದ. ಹಾಗೆಂದು ಮನೆಯ ರೇಷನ್ ದುಡ್ಡನ್ನೋ ಮಕ್ಕಳ ಫೀಸನ್ನೋ ಕಾಣಿಕೆಗೆ ಸುರಿಯಿರಿ ಎಂದು ಇದರ ಅರ್ಥವಲ್ಲ. ಮರಿಯಾಳನ್ನು ಯಾರೂ ಕೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಸೋದರನನ್ನು ಮರಳಿ ಪಡೆದ ಮನಸ್ಸು ತಾನಾಗಿ ತುಂಬಿ ಹರಿಯಿತು.

ಆ ಊಟದಲ್ಲಿ ಮಾರ್ಥಾ ಏನು ಮಾಡುತ್ತಿದ್ದಳು? ಬಡಿಸುತ್ತಿದ್ದಳು! ಕೆಲಸ ಮೊದಲಿನದೇ, ಆದರೆ ಈ ಸಲ ದೂರು ಹೇಳಿದ್ದು ಎಲ್ಲೂ ಇಲ್ಲ. ಒಬ್ಬಳ ಗೌರವ ತೈಲದಲ್ಲಿ, ಇನ್ನೊಬ್ಬಳದು ಬಡಿಸುವ ಕೈಯಲ್ಲಿ. ಕ್ಯಾಥೊಲಿಕ್ ಸಭೆಯಲ್ಲಿ ಜುಲೈ 29 ಮಾರ್ಥಾಳ ಸ್ಮರಣೆಯ ದಿನ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ದಿನಕ್ಕೆ ಮರಿಯಾ ಮತ್ತು ಲಾಜರರ ಹೆಸರನ್ನೂ ಸೇರಿಸಿದರು. ಹೀಗೆ ಒಂದೇ ಮನೆಯವರು ಒಂದೇ ದಿನ ನೆನಪಾಗುತ್ತಾರೆ.

ಆದ್ದರಿಂದ, ಸೋದರಿಯರೇ, ಪಕ್ಕದ ಮನೆಯಾಕೆ ಮೂರು ಗಂಟೆ ಪ್ರಾರ್ಥನೆಗೆ ಕೂರುತ್ತಾಳೆ, ನನಗೆ ಪಾತ್ರೆ ತೊಳೆಯೋದೇ ಆಯ್ತು ಎಂದು ಕುಗ್ಗಬೇಡಿ. ಹಾಗೆಯೇ, ಕೂತು ಪ್ರಾರ್ಥಿಸುವವಳನ್ನು ಕಂಡು ಮೂಗು ಮುರಿಯಲೂ ಬೇಡಿ. ದಿನದಲ್ಲಿ ಹತ್ತು ನಿಮಿಷ ಒಲೆ ಆರಿಸಿ, ಮರಿಯಾಳಂತೆ ಸುಮ್ಮನೆ ಕೂತು ಕೇಳಿ. ಎದ್ದ ಮೇಲೆ ಮಾರ್ಥಾಳಂತೆ ನೆಮ್ಮದಿಯಿಂದ ಬಡಿಸಿ.