ಸರಿ ಉತ್ತರಕ್ಕೆ ‘ತಪ್ಪು’ ಎನ್ನುವ ರಸಪ್ರಶ್ನೆ

ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜಾವಾಸ್ಕ್ರಿಪ್ಟ್‌ನಲ್ಲಿ ರಸಪ್ರಶ್ನೆಯೊಂದನ್ನು ಬರೆದು ತಂದಳು. ಕಾಸರಗೋಡಿನ ಬಗ್ಗೆ ಹತ್ತು ಪ್ರಶ್ನೆ. ಉತ್ತರ ಟೈಪ್ ಮಾಡಬೇಕು, ಕೊನೆಗೆ ಅಂಕ. ಮೊದಲ ಪ್ರಯತ್ನಕ್ಕೆ ಚೆನ್ನಾಗಿಯೇ ಇತ್ತು. ಐದನೆಯ ತರಗತಿಯ ಮಕ್ಕಳನ್ನು ಆಡಲು ಕೂರಿಸಿದೆವು. ‘ಕಾಸರಗೋಡು ಜಿಲ್ಲೆಯಾದದ್ದು ಯಾವ ವರ್ಷ?’ ಎಂಬುದಕ್ಕೆ ಒಬ್ಬ ಹುಡುಗ ಕನ್ನಡ ಅಂಕಿಯಲ್ಲೇ ‘೧೯೮೪’ ಎಂದು ಒತ್ತಿದ. ಕಂಪ್ಯೂಟರ್ ‘ತಪ್ಪು’ ಎಂದಿತು!

“ಇದು ಸರಿ ಅಲ್ವಾ ಟೀಚರ್?” ಎಂದು ನನ್ನ ಮುಖ ನೋಡಿದ.

ಸರಿಯೇ. ಆದರೆ ಪ್ರೋಗ್ರಾಂಗೆ 1984 ಮಾತ್ರ ಗೊತ್ತು. ಜಾವಾಸ್ಕ್ರಿಪ್ಟ್ ಕನ್ನಡ ಅಂಕಿಯನ್ನು ಸಂಖ್ಯೆಯೆಂದು ಎಣಿಸುವುದೇ ಇಲ್ಲ.

ಸ್ಟಾಫ್ ರೂಮಿನಲ್ಲಿ ಸಲಹೆಗಳಿಗೇನು ಬರವೇ? ಬಣ್ಣ ಹಾಕು, ಗಡಿಯಾರ ಓಡಿಸು, ಚಪ್ಪಾಳೆ ಸದ್ದು ಸೇರಿಸು! ಒಬ್ಬರು, “ನಾಲ್ಕು ಆಯ್ಕೆ ಕೊಟ್ಟುಬಿಡಿ, ಟೈಪ್ ಮಾಡುವ ರಗಳೆಯೇ ಇರುವುದಿಲ್ಲ” ಎಂದರು. ಸುಲಭದ ದಾರಿ, ನಿಜ. ನನಗೆ ಮಾತ್ರ ಒಪ್ಪಿಗೆಯಿಲ್ಲ. ಆಗ ಮಗು ಕನ್ನಡದ ಒಂದಕ್ಷರವನ್ನೂ ಬರೆಯಬೇಕಾಗಿಲ್ಲ. ಹೊರಗೆ ಬಸ್ಸಿನ ಬೋರ್ಡು, ಅರ್ಜಿ ಎಲ್ಲ ಹೆಚ್ಚಾಗಿ ಮಲಯಾಳದಲ್ಲೇ ನೋಡುವ ನಮ್ಮ ಮಕ್ಕಳಿಗೆ ಕನ್ನಡ ಟೈಪ್ ಮಾಡಲು ಇರುವ ಜಾಗ ಶಾಲೆಯ ಲ್ಯಾಬ್. ಅಲ್ಲಿಯೂ ತಪ್ಪೆನಿಸಿಕೊಂಡ ಹುಡುಗ ಮುಂದಿನ ಸಲ ಕನ್ನಡದ ಕೀಲಿಗೆ ಕೈ ಹಾಕುತ್ತಾನೆಯೇ?

ಆದ್ದರಿಂದ ಮೊದಲು ಸುಧಾರಿಸಬೇಕಾದದ್ದು ಉತ್ತರ ನೋಡುವ ಬಗೆ. ಅವಳು ಹತ್ತು ಪ್ರಶ್ನೆಗೆ ಹತ್ತು ‘ಇಫ್’ ಬರೆದಿದ್ದಳು. ಪ್ರಶ್ನೆ ಮತ್ತು ಉತ್ತರಗಳನ್ನು ಒಂದು ಅರೇಯಲ್ಲಿಟ್ಟು, ಪರೀಕ್ಷಿಸುವ ಕೆಲಸವನ್ನು ಒಂದೇ ಫಂಕ್ಷನ್‌ಗೆ ಒಪ್ಪಿಸಿದರೆ ತಿದ್ದುಪಡಿಯನ್ನು ಒಂದು ಕಡೆ ಮಾಡಿದರೆ ಸಾಕು. ‘ಟ್ರಿಮ್’ ಹಾಕಿದರೆ ಹಿಂದೆ ಮುಂದೆ ಬಿದ್ದ ಖಾಲಿ ಜಾಗ ಹೋಗುತ್ತದೆ. ‘೦೧೨೩೪೫೬೭೮೯’ ಎಂಬ ಸಾಲಿನಲ್ಲಿ ಅಂಕಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಸೊನ್ನೆಯಿಂದ ಎಣಿಸಿದರೆ ಅದೇ ಅದರ ಬೆಲೆ. ಎಷ್ಟು ಸರಳ ನೋಡಿ!

ಕಣ್ಣಿಗೆ ಕಾಣದ ತೊಡಕು ಇನ್ನೊಂದಿದೆ. ‘ಕಾಸರಗೋಡು’ ಪದದ ‘ಗೋ’ದಲ್ಲಿರುವ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹೋಲಿಸುವ ಯಂತ್ರಕ್ಕೆ ಮಾತ್ರ ಬೇರೆ ಬೇರೆ. 2015ರ ಆವೃತ್ತಿಯಿಂದ ಜಾವಾಸ್ಕ್ರಿಪ್ಟ್‌ನಲ್ಲಿರುವ ‘ನಾರ್ಮಲೈಸ್’ ಇದನ್ನು ಸರಿಪಡಿಸುತ್ತದೆ. ಮಗುವಿನ ಉತ್ತರಕ್ಕೂ ನಮ್ಮ ಉತ್ತರಕ್ಕೂ, ಎರಡಕ್ಕೂ ಹಾಕಬೇಕು.

ಗೋವಿಂದ ಪೈಗಳ ಊರು ಯಾವುದೆಂಬ ಪ್ರಶ್ನೆಗೆ ‘ಮಂಜೇಶ್ವರಂ’ ಎಂದು ಬರೆದವರೂ ಇದ್ದರು. ಮಲಯಾಳದ ರೂಪ, ನಿಜ. ದಿನವೂ ಆ ಬೋರ್ಡನ್ನೇ ಓದುವ ಮಗುವಿಗೆ ಊರು ಗೊತ್ತಿಲ್ಲ ಎನ್ನಲಾದೀತೇ? ಒಂದು ಪ್ರಶ್ನೆಗೆ ಎರಡು ಮೂರು ಉತ್ತರಗಳ ಪಟ್ಟಿಯಿರಲಿ, ಅಂಕ ಕೊಟ್ಟು ‘ಕನ್ನಡದಲ್ಲಿ ಮಂಜೇಶ್ವರ’ ಎಂದು ತೋರಿಸಲಿ ಎಂದೆ. ಒಬ್ಬಿಬ್ಬರು ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ.

ಹುಡುಗಿ ಎರಡು ದಿನ ಕೂತು ಎಲ್ಲ ತಿದ್ದಿದಳು. ಆ ಹುಡುಗ ಮತ್ತೆ ‘೧೯೮೪’ ಒತ್ತಿ ‘ಸರಿ’ ಬಂದಾಗ ಪಕ್ಕದವನನ್ನು ಕರೆದು ತೋರಿಸಿದ. ಪಕ್ಕದವನೋ, ‘ಸಾವಿರದ ಒಂಬೈನೂರ ಎಂಬತ್ತನಾಲ್ಕು’ ಎಂದು ಅಕ್ಷರದಲ್ಲೇ ಬರೆದ!

“ಇದಕ್ಕೇನು ಮಾಡೋದು ಟೀಚರ್?” ಎಂದಳು ಹುಡುಗಿ. ‘ಅಂಕಿಯಲ್ಲಿ ಬರೆಯಿರಿ’ ಎಂದು ಪ್ರಶ್ನೆಯಲ್ಲೇ ಸೇರಿಸು ಎಂದೆ.