ವಯನಾಡಿನ ಊರ ಗ್ರಂಥಾಲಯಗಳ ಪರವಾಗಿ: ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿನ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ



ವಯನಾಡು ಜಿಲ್ಲೆಯ ಊರ ಗ್ರಂಥಾಲಯಗಳಲ್ಲಿ ಸದಸ್ಯರಾಗಿರುವ ಪ್ರತಿಯೊಬ್ಬರಿಗೂ, ಅವರ ಕೈಯಲ್ಲಿರುವ ಸದಸ್ಯತ್ವದ ಚೀಟಿಯ ಬಲದಿಂದಲೇ, ಸಾರ್ವಜನಿಕ ಹಣದಿಂದ ರೂಪುಗೊಂಡ ಆನ್‌ಲೈನ್ ದತ್ತಸಂಚಯಗಳೂ ಅವುಗಳ ಬಳಕೆಯನ್ನು ಕಲಿಸುವ ತರಗತಿಗಳೂ ಉಚಿತವಾಗಿ ದೊರೆಯುವಂತೆ ತಮ್ಮ ಕೌನ್ಸಿಲ್ ವ್ಯವಸ್ಥೆ ಮಾಡಬೇಕೆಂಬುದು ಈ ಪತ್ರದ ಕೋರಿಕೆ. ದತ್ತಸಂಚಯವೆಂದರೆ ಬೇಕಾದದ್ದನ್ನು ಹುಡುಕಿ ತೆಗೆಯಲು ಬರುವಂತೆ ವರ್ಗೀಕರಿಸಿ ಕಂಪ್ಯೂಟರಿನಲ್ಲಿ ಇರಿಸಿದ ಮಾಹಿತಿಯ ಸಂಗ್ರಹ; ಅದರಲ್ಲಿರುವುದು ಸಂಶೋಧನ ಲೇಖನಗಳಾಗಿರಬಹುದು, ನ್ಯಾಯಾಲಯದ ತೀರ್ಪುಗಳಾಗಿರಬಹುದು, ಜಮೀನಿನ ಪಹಣಿಗಳೋ ನಿಘಂಟುಗಳೋ ಆಗಿರಬಹುದು. ಇಂಥ ಸಂಗ್ರಹಗಳು ದೇಶದಲ್ಲಿ ಈಗ ಹೇರಳವಾಗಿವೆ, ಅವುಗಳಲ್ಲಿ ಬಹಳಷ್ಟು ಉಚಿತವೂ ಆಗಿವೆ. ಆದರೆ ಅವುಗಳಿಗೂ ಊರ ಓದುಗರಿಗೂ ನಡುವೆ ನಿಂತು ಒಂದನ್ನು ಇನ್ನೊಂದಕ್ಕೆ ತಲುಪಿಸಬೇಕಾದ ಸಂಸ್ಥೆಗೆ ಆ ಕೆಲಸವನ್ನು ಇನ್ನೂ ಪೂರ್ಣವಾಗಿ ಒಪ್ಪಿಸಿಲ್ಲ.

ಕೋರಿಕೆಯನ್ನು ಕೌನ್ಸಿಲಿನ ಮುಂದೆಯೇ ಇಡಲು ಇತಿಹಾಸದ ಬೆಂಬಲವಿದೆ. 1945ರಲ್ಲಿ ಅಂಬಲಪ್ಪುಳದಲ್ಲಿ ಪಿ. ಎನ್. ಪಣಿಕ್ಕರ್ ಅವರು 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಕಟ್ಟಿದ ಸಂಘವು ಬೆಳೆದು, 1989ರ ಕಾಯ್ದೆಯ ಮೂಲಕ ರಾಜ್ಯ, ಜಿಲ್ಲೆ ಮತ್ತು ತಾಲೂಕು ಎಂಬ ಮೂರು ಹಂತಗಳ ಕೌನ್ಸಿಲುಗಳ ರೂಪ ಪಡೆಯಿತು. ಪಣಿಕ್ಕರ್ ಅವರು ಸಂಘ ಕಟ್ಟುತ್ತಿದ್ದ ಕಾಲಕ್ಕೆ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು; ಆದ್ದರಿಂದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಚಿಂತನೆಯಿಂದ ಮೂಡಿದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪರಂಪರೆಯೂ ಈ ಬೆಟ್ಟದ ಸೀಮೆಗೆ ಸೇರಿದ್ದು. ಜನರೇ ಕಟ್ಟಿಕೊಂಡ ವಾಚನಾಲಯ ಒಂದು ಕಡೆ, ಸಾರ್ವಜನಿಕ ಗ್ರಂಥಾಲಯಕ್ಕೆ ನೆಲೆ ಕೊಟ್ಟ ಕಾನೂನು ಇನ್ನೊಂದು ಕಡೆ; ಇವೆರಡೂ ಸೇರಿದ ಜಿಲ್ಲೆಗಳು ದೇಶದಲ್ಲಿ ಹೆಚ್ಚಿಲ್ಲ. ಕಟ್ಟಡ ತೆರಿಗೆಯ ಮೇಲೆ ಶೇ. 5ರಂತೆ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡುತ್ತಿರುವುದರಿಂದ, ಮನೆಯುಳ್ಳ ಪ್ರತಿಯೊಬ್ಬ ತೆರಿಗೆದಾರನೂ ಈ ವ್ಯವಸ್ಥೆಗೆ ಈಗಾಗಲೇ ಹಣ ಕೊಟ್ಟಿದ್ದಾನೆಂಬುದನ್ನೂ ಇಲ್ಲಿ ನೆನೆಯಬೇಕು.

ವಿಷಯ ಎಷ್ಟು ಹತ್ತಿರದ್ದೆಂಬುದನ್ನು ತೋರಿಸಲು ವಯನಾಡಿನ ಶುಂಠಿ ಬೆಳೆಗಾರರ ಸ್ಥಿತಿಯೇ ಸಾಕು. ದಶಕಗಳಿಂದ ಇಲ್ಲಿನ ರೈತರು ಗಡಿ ದಾಟಿ ಕೊಡಗು, ಹೆಗ್ಗಡದೇವನಕೋಟೆ, ಗುಂಡ್ಲುಪೇಟೆಗಳ ಕಡೆ ಜಮೀನು ಹಿಡಿದು ಶುಂಠಿ ಹಾಕುತ್ತಿದ್ದಾರೆ. ಅವರ ಜೊತೆ ಕೂಲಿಗಾಗಿ ಹೋಗುವವರಲ್ಲಿ ಆದಿವಾಸಿ ಕುಟುಂಬಗಳೂ ಇವೆ. ಕರ್ನಾಟಕದ 1961ರ ಭೂಸುಧಾರಣೆ ಕಾಯ್ದೆಯು ಕೃಷಿಭೂಮಿಯ ಗೇಣಿಗೆ ಕಠಿಣವಾದ ನಿರ್ಬಂಧಗಳನ್ನು ಹಾಕಿರುವುದರಿಂದ ಇಂಥ ಒಪ್ಪಂದಗಳು ಹೆಚ್ಚಾಗಿ ಬಾಯಿಮಾತಿನ ಮೇಲೋ, ನ್ಯಾಯಾಲಯದಲ್ಲಿ ನಿಲ್ಲುವುದೇ ಅನುಮಾನವಾದ ಕಾಗದಗಳ ಮೇಲೋ ನಡೆಯುತ್ತವೆ. ಹಿಡಿಯುವ ಜಮೀನು ನಿಜವಾಗಿ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲವಿದೆಯೇ, ಪಾಲುದಾರರು ಎಷ್ಟು ಮಂದಿ ಎಂಬುದನ್ನು ತಿಳಿಯಲು ಒಂದು ಸಾಧನವಿದೆ: ಕರ್ನಾಟಕ ಸರ್ಕಾರವು ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ರೂಪಿಸಿದ ‘ಭೂಮಿ’ ಎಂಬ ದತ್ತಸಂಚಯ. ಪಹಣಿ ಎಂದರೆ ಜಮೀನಿನ ಒಡೆತನ, ವಿಸ್ತೀರ್ಣ, ಬೆಳೆ ಮತ್ತು ಋಣಭಾರಗಳನ್ನು ದಾಖಲಿಸುವ ಕಂದಾಯ ಪತ್ರ. ಅದನ್ನು ಅಂತರಜಾಲದಲ್ಲಿ ನೋಡಲು ಹಣ ಕೊಡಬೇಕಾಗಿಲ್ಲ, ಕರ್ನಾಟಕದ ನಿವಾಸಿಯಾಗಬೇಕಾಗಿಯೂ ಇಲ್ಲ. ಆದರೆ ಅದಿರುವುದು ಕನ್ನಡದಲ್ಲಿ. ಸರ್ವೆ ನಂಬರು, ಹಿಸ್ಸಾ, ಖಾತೆ, ಖರಾಬು ಮೊದಲಾದ ಅದರ ಪಾರಿಭಾಷಿಕ ಶಬ್ದಗಳು ಕನ್ನಡ ಬಲ್ಲವರಿಗೂ ಸುಲಭದಲ್ಲಿ ಬಿಡಿಸಲಾಗದಂಥವು. ಪುಲ್ಪಳ್ಳಿಯಲ್ಲೋ ಮುಳ್ಳನ್‌ಕೊಲ್ಲಿಯಲ್ಲೋ ಇರುವ ಒಂದು ವಾಚನಾಲಯದಲ್ಲಿ ಬಿತ್ತನೆಗೆ ಮೊದಲಿನ ತಿಂಗಳುಗಳಲ್ಲಿ ಕೆಲವು ಸಂಜೆ ಪಹಣಿ ಓದುವ ತರಗತಿ ನಡೆದು, ಗೇಣಿಯ ಬಗ್ಗೆ ಕಾನೂನು ಏನು ಹೇಳುತ್ತದೆಂಬುದನ್ನೂ ಅಲ್ಲಿ ಮಲಯಾಳದಲ್ಲಿ ವಿವರಿಸಿದರೆ, ಒಂದು ಕುಟುಂಬ ತನ್ನ ವರ್ಷದ ದುಡಿಮೆಯನ್ನೆಲ್ಲ ಹೂಡುವ ಮೊದಲು ಕಣ್ಣು ತೆರೆದು ನೋಡುವ ಅವಕಾಶ ಪಡೆಯುತ್ತದೆ. ಗ್ರಂಥಾಲಯದ ಆನ್‌ಲೈನ್ ಸೇವೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಅರ್ಥ ಹುಡುಕುವುದು ಕಷ್ಟ.

ಅರಣ್ಯದ ಅಂಚಿನ ಊರುಗಳಿಗೆ ಬೇಕಾದ ಮಾಹಿತಿ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ವ್ಯಕ್ತಿಗತ ಹಾಗೂ ಸಾಮುದಾಯಿಕ ಹಕ್ಕುಗಳನ್ನು ಕೇಳುವವರು ಗ್ರಾಮಸಭೆಯಲ್ಲಿ ಮಾತನಾಡಬೇಕಾದರೆ ಕಾಯ್ದೆಯ ಪಠ್ಯವೂ ತೀರ್ಪುಗಳೂ ಕೈಗೆಟುಕಬೇಕು. ಸುಪ್ರೀಂ ಕೋರ್ಟು ತನ್ನ ವರದಿಯಾದ ತೀರ್ಪುಗಳ ವಿದ್ಯುನ್ಮಾನ ಸಂಗ್ರಹವನ್ನು 2023ರ ಜನವರಿಯಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಮಲಯಾಳ, ಕನ್ನಡಗಳೂ ಸೇರಿ ಹಲವು ಭಾಷೆಗಳಿಗೆ ತೀರ್ಪುಗಳ ಅನುವಾದವೂ ನಡೆಯುತ್ತಿದೆ. ಸಂಗ್ರಹ ಹೀಗೆ ತೆರೆಯುವ ಮೊದಲು ಇಂಥವನ್ನು ಹೆಚ್ಚಾಗಿ ಚಂದಾ ಕೊಟ್ಟ ವಕೀಲರ ಕಚೇರಿಗಳು ಬಳಸುತ್ತಿದ್ದವು. ಬಾಗಿಲು ತೆರೆದಿರುವುದು ದೊಡ್ಡ ಸಂಗತಿ. ಆದರೆ ಪ್ರಕರಣದ ಹೆಸರೋ ಕಲಮಿನ ಸಂಖ್ಯೆಯೋ ತಿಳಿಯದವರು ಅಲ್ಲಿ ಏನೆಂದು ಹುಡುಕಬೇಕೆಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸುವವರು ಬೇಕಲ್ಲವೇ?

ಮಳೆಯ ವಿಷಯವೂ ಹಾಗೆಯೇ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿಕೊಂಡು ಹೋದ ಭೂಕುಸಿತದ ನಂತರ, ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆಯು ಜಿಲ್ಲೆಯ ಹಲವೆಡೆಯ ಮಳೆಮಾಪಕಗಳಿಂದ ಕಲೆಹಾಕುವ ಲೆಕ್ಕದ ಬೆಲೆ ನಾಡಿಗೆಲ್ಲ ತಿಳಿಯಿತು. ತಮ್ಮ ಬೆಟ್ಟದ ಮಳೆಯ ಅಂಕಿಗಳನ್ನು ಓದಲು ಕಲಿತ ಊರು ವದಂತಿಗೆ ಬೆದರುವುದು ಕಡಿಮೆ, ಎಚ್ಚರಿಕೆಗೆ ಓಗೊಡುವುದು ಹೆಚ್ಚು. ಮಳೆಗಾಲದಲ್ಲಿ ವಾಚನಾಲಯದ ಫಲಕದ ಮೇಲೆ ಆ ಅಂಕಿಗಳನ್ನು ದಿನವೂ ಬರೆದಿಡುವುದಕ್ಕೆ ಆಗುವ ಖರ್ಚು ಒಂದು ಸೀಮೆಸುಣ್ಣದ್ದು ಮಾತ್ರ.

ಇನ್ನು ಸಂಶೋಧನ ಪತ್ರಿಕೆಗಳ ವಿಷಯ; ಇಲ್ಲಿ ಕೌನ್ಸಿಲ್ ತನ್ನ ಸ್ವರವನ್ನು ರಾಜ್ಯದ ಆಚೆಗೂ ಎತ್ತಬೇಕಾಗಿದೆ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ನೀಡಿ, 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಪ್ರತಿ ಸಂಸ್ಥೆಯೂ ಬೇರೆ ಬೇರೆಯಾಗಿ ಪ್ರಕಾಶಕರಿಗೆ ಚಂದಾ ಕಟ್ಟುವ ಬದಲು ಸರ್ಕಾರವೇ ಒಟ್ಟಾಗಿ ಕಟ್ಟುವುದು ಅದರ ತಿರುಳು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ರಷ್ಟು ಸಂಸ್ಥೆಗಳಿಗೆ ದೊರೆಯುವ ವ್ಯವಸ್ಥೆ ಇದು. ಆದರೆ ಆ ಸಂಸ್ಥೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರ ಸರ್ಕಾರದ ಸಂಶೋಧನ ಸಂಸ್ಥೆಗಳು. ಸಾರ್ವಜನಿಕ ಗ್ರಂಥಾಲಯಗಳು ಆ ಪಟ್ಟಿಯಲ್ಲಿಲ್ಲ. ವಯನಾಡಿನ ಕಾಫಿ, ಕಾಳುಮೆಣಸಿನ ಸೊರಗುರೋಗ, ಪಣಿಯ ಆದಿವಾಸಿಗಳ ಆರೋಗ್ಯ, ಎಡಕ್ಕಲ್ ಗುಹೆಯ ಕೆತ್ತನೆಗಳು, ಕಾಡಾನೆಯ ಸಂಚಾರ, ಇವುಗಳ ಬಗ್ಗೆ ದಶಕಗಳಿಂದ ವಿದ್ವಾಂಸರು ಇಲ್ಲಿಗೆ ಬಂದು, ಇಲ್ಲಿನವರನ್ನು ಪ್ರಶ್ನೆ ಕೇಳಿ, ಲೇಖನ ಬರೆದಿದ್ದಾರೆ. ಉತ್ತರ ಕೊಟ್ಟವರು ಅಥವಾ ಅವರ ಮಕ್ಕಳು ಆ ಲೇಖನವನ್ನು ಓದಲು ಬಯಸಿದರೆ ಒಂದೊಂದಕ್ಕೂ ವಿದೇಶಿ ಪ್ರಕಾಶಕನಿಗೆ ಡಾಲರಿನ ಲೆಕ್ಕದಲ್ಲಿ ಹಣ ತೆರಬೇಕಾಗುವ ಸಂದರ್ಭಗಳು ಅನೇಕ. ತಮ್ಮ ಬಗ್ಗೆಯೇ ಬರೆದದ್ದನ್ನು ಓದುವ ಹಕ್ಕು, ಅದೂ ರಾಷ್ಟ್ರವೇ ಚಂದಾ ಕಟ್ಟಿರುವಾಗ, ಒಂದು ಜನಸಮುದಾಯಕ್ಕೆ ಇಲ್ಲವೆಂಬುದು ಅನ್ಯಾಯ. ಜಿಲ್ಲೆಗೆ ಒಂದಾದರೂ ಸಾರ್ವಜನಿಕ ಗ್ರಂಥಾಲಯವನ್ನು ಈ ಯೋಜನೆಗೆ ಸೇರಿಸಬೇಕೆಂದು ಕೌನ್ಸಿಲ್ ಕೇಂದ್ರದ ಶಿಕ್ಷಣ ಸಚಿವಾಲಯವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಉಚಿತವಾಗಿ ಒದಗಿಸುವ ‘ಶೋಧಗಂಗಾ’, ಕೃಷಿ ಪ್ರಬಂಧಗಳ ‘ಕೃಷಿಕೋಶ’, ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇವನ್ನಾದರೂ ಪ್ರತಿ ವಾಚನಾಲಯದ ಕಂಪ್ಯೂಟರಿನಲ್ಲಿ ಮೊದಲ ಪುಟಕ್ಕೆ ತರಬಹುದು. ದೂರದ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಮಲಬಾರಿನಲ್ಲಿ ದುಡಿದ ಮಿಷನರಿ ಹೆರ್ಮನ್ ಗುಂಡರ್ಟ್ ಅವರ ಸಂಗ್ರಹದ ಮಲಯಾಳ, ಕನ್ನಡ, ತುಳು ಪುಸ್ತಕಗಳನ್ನು 2018ರಲ್ಲಿ ಅಂತರಜಾಲದ ಮೂಲಕ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಅವುಗಳಲ್ಲಿ ಮಲಬಾರಿನಲ್ಲೇ ಹುಟ್ಟಿದ ಪುಸ್ತಕಗಳು ಮಲಬಾರಿನ ವಾಚನಾಲಯದ ಸೂಚಿಯಲ್ಲಿ ಕಾಣಿಸಿಕೊಳ್ಳುವುದು ನ್ಯಾಯವೇ.

ಭಾಷೆಯ ಪ್ರಶ್ನೆಯನ್ನು ಎಚ್ಚರದಿಂದ ಎತ್ತಬೇಕಾಗಿದೆ. 2011ರ ಜನಗಣತಿಯಂತೆ ವಯನಾಡಿನ 8,17,420 ಜನರಲ್ಲಿ 1,51,443 ಮಂದಿ ಪರಿಶಿಷ್ಟ ಪಂಗಡದವರು. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಅವರ ಪ್ರಮಾಣ ಇಷ್ಟಿಲ್ಲ. ಇವರಲ್ಲಿ ಕಾಟ್ಟುನಾಯ್ಕರ ನುಡಿಯೂ ಊರಾಳಿ ಕುರುಮರ ನುಡಿಯೂ ಕನ್ನಡಕ್ಕೆ ಬಹಳ ಹತ್ತಿರದವು. ಊರಾಳಿ ಕುರುಮರ ಬಳಗದವರು ಗಡಿಯ ಆಚೆಗೆ ಬೆಟ್ಟಕುರುಬರೆಂದು ಹೆಸರಾಗಿದ್ದಾರೆ. ರಾವುಳ ನುಡಿಯನ್ನಾಡುವ ಅಡಿಯರೇ ಕೊಡಗಿನಲ್ಲಿ ಎರವರು. ಇದಲ್ಲದೆ ಕಲ್ಪೆಟ್ಟ, ಪನಮರಂ, ಸುಲ್ತಾನ್ ಬತ್ತೇರಿಗಳ ಸುತ್ತ ನೆಲೆಸಿದ ಜೈನ ಕುಟುಂಬಗಳು ಕನ್ನಡದೊಡನೆ ಶತಮಾನಗಳ ನಂಟನ್ನು ಉಳಿಸಿಕೊಂಡು ಬಂದಿವೆ. ಮಲಯಾಳದ ದೊಡ್ಡ ಲೇಖಕರೂ ಪತ್ರಿಕೋದ್ಯಮಿಯೂ ಆಗಿದ್ದ ಎಂ. ಪಿ. ವೀರೇಂದ್ರಕುಮಾರ್ ಅಂಥ ಮನೆತನದಿಂದಲೇ ಬಂದವರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ‘ಭಾರತವಾಣಿ’ ಎಂಬ ಭಾಷಾ ಜಾಲತಾಣವನ್ನೂ, ಕರ್ನಾಟಕ ಸರ್ಕಾರದ ‘ಕಣಜ’ ಎಂಬ ಜ್ಞಾನಕೋಶವನ್ನೂ ಕನ್ನಡ ಓದಬಲ್ಲ ಇಂಥವರಿಗೆ ಗ್ರಂಥಾಲಯಗಳು ಪರಿಚಯಿಸಬೇಕು; ಎರಡೂ ಉಚಿತ, ಎರಡಕ್ಕೂ ರಾಜ್ಯದ ಗಡಿಯಿಲ್ಲ. ಕಾಸರಗೋಡಿನ ಕನ್ನಡ ಗ್ರಂಥಾಲಯಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿರುವ ಕೌನ್ಸಿಲಿಗೆ ಇದು ಅಪರಿಚಿತವಾದ ಹೊಣೆಯೂ ಅಲ್ಲ.

ಆದರೆ ಒಂದು ನುಡಿ ಕನ್ನಡಕ್ಕೆ ಹತ್ತಿರವೆಂಬ ಕಾರಣಕ್ಕೆ ಅದನ್ನಾಡುವ ಮಗುವಿನ ಕೈಗೆ ಕನ್ನಡದ ಪುಟವನ್ನು ಕೊಟ್ಟರೆ ಆಯಿತೆಂದು ತಿಳಿಯುವುದು ದೊಡ್ಡ ತಪ್ಪಾಗುತ್ತದೆ. ಆ ಮಗು ಶಾಲೆಯಲ್ಲಿ ಕಲಿಯುವುದು ಮಲಯಾಳ ಲಿಪಿಯನ್ನು, ಮನೆಯಲ್ಲಿ ಆಡುವುದು ಬರಹದ ಪರಂಪರೆಯಿಲ್ಲದ ತನ್ನದೇ ನುಡಿಯನ್ನು. ಅದಕ್ಕೆ ಬೇಕಾಗಿರುವುದು ಧ್ವನಿಯ ಸಂಗ್ರಹ, ಅಂದರೆ ಹಿರಿಯರು ಹೇಳುವ ಕತೆ, ಗಿಡಮೂಲಿಕೆಯ ವಿವರ, ಜೇನು ಕೀಳುವ ಕ್ರಮ, ಹಾಡು, ಪದಪಟ್ಟಿ ಇವನ್ನೆಲ್ಲ ಸಮುದಾಯದ ಒಪ್ಪಿಗೆಯಿಂದ ಧ್ವನಿಮುದ್ರಿಸಿ, ಯಾವುದನ್ನು ಯಾರು ಕೇಳಬಹುದೆಂಬ ನಿರ್ಧಾರವನ್ನು ಅವರಿಗೇ ಬಿಟ್ಟು, ಕಾಪಾಡಿ ಇಡುವ ದತ್ತಸಂಚಯ. ಮಾನಂದವಾಡಿಯ ಬಳಿ ದ್ವಾರಕದಿಂದ 2009ರಿಂದ ಬಿತ್ತರವಾಗುತ್ತಿರುವ ರೇಡಿಯೊ ಮಾಟ್ಟೊಲಿ ಎಂಬ ಸಮುದಾಯ ಬಾನುಲಿಯು ಆದಿವಾಸಿ ನುಡಿಗಳಲ್ಲೇ ಕಾರ್ಯಕ್ರಮ ನಡೆಸಿ ದಾರಿ ತೋರಿಸಿದೆ. ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆಯು ಹಾಡಿಗಳಲ್ಲಿ ತೆರೆದಿರುವ ಸಾಮೂಹಿಕ ಅಧ್ಯಯನ ಕೊಠಡಿಗಳನ್ನು ಹತ್ತಿರದ ವಾಚನಾಲಯಕ್ಕೆ ಜೋಡಿಸಿದರೆ ಇಂಥ ಸಂಗ್ರಹಕ್ಕೆ ಕೇಳುಗರೂ ಕಲಿಸುವವರೂ ಅಲ್ಲಿಯೇ ಸಿಗುತ್ತಾರೆ.

ಇಷ್ಟನ್ನೂ ನಡೆಸುವವರು ಯಾರೆಂಬುದೇ ಕೊನೆಯಲ್ಲಿ ಎಲ್ಲವನ್ನೂ ನಿರ್ಧರಿಸುವ ಪ್ರಶ್ನೆ. 2025ರ ಆಗಸ್ಟ್ 21ರಂದು ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಣೆಯಾಯಿತು. 21 ಲಕ್ಷಕ್ಕೂ ಹೆಚ್ಚು ಜನರಿಗೆ ಸ್ವಯಂಸೇವಕರು ಮನೆಬಾಗಿಲಿಗೆ ಹೋಗಿ ಸ್ಮಾರ್ಟ್‌ಫೋನಿನ ಬಳಕೆ ಕಲಿಸಿದ್ದು ಹೆಮ್ಮೆಯ ಕೆಲಸ. 2023ರಲ್ಲಿ ಉದ್ಘಾಟನೆಗೊಂಡ ಕೆ-ಫೋನ್ ಎಂಬ ರಾಜ್ಯ ಸರ್ಕಾರದ ಅಂತರಜಾಲ ವ್ಯವಸ್ಥೆಯು ಸಂಪರ್ಕವು ನಾಗರಿಕನ ಹಕ್ಕೆಂಬ ಆಶಯವನ್ನು ಮುಂದಿಟ್ಟಿತು. ಆದರೆ ಫೋನಿನಲ್ಲಿ ಕರೆ ಮಾಡುವುದು, ಚಿತ್ರ ಕಳಿಸುವುದು ಬಂದಮೇಲೆ, ಸಿಕ್ಕ ಮಾಹಿತಿ ನಿಜವೇ, ಯಾರು ಹೇಳಿದ್ದು, ಇದಕ್ಕಿಂತ ಒಳ್ಳೆಯ ಮೂಲವಿದೆಯೇ ಎಂದು ಕೇಳುವುದನ್ನು ಕಲಿಯುವ ಹಂತ ಬರುತ್ತದೆ. ಅದನ್ನು ಒಂದೆರಡು ದಿನಗಳ ತರಬೇತಿ ಕಲಿಸಲಾರದು, ವರ್ಷವಿಡೀ ಅದೇ ಕುರ್ಚಿಯಲ್ಲಿ ಕುಳಿತಿರುವ ಗ್ರಂಥಪಾಲಕರು ಕಲಿಸಬಲ್ಲರು. ಆದರೆ ಕೇರಳದ ಊರ ಗ್ರಂಥಪಾಲಕರಲ್ಲಿ ಹೆಚ್ಚಿನವರು ಸಣ್ಣ ಗೌರವಧನಕ್ಕೆ ದಿನದ ಕೆಲವೇ ಗಂಟೆ ದುಡಿಯುವವರು. ನೆರೆಯ ಕರ್ನಾಟಕವನ್ನೇ ನೋಡಿ: ಅದು 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿದ್ದಲ್ಲದೆ, ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ಗಳಾಗಿ ಬದಲಿಸಿ ಕಂಪ್ಯೂಟರುಗಳನ್ನು ಒದಗಿಸುವ ಕೆಲಸಕ್ಕೂ ಕೈಹಾಕಿತು. ಈ ಎರಡರಲ್ಲಿ ಹಳ್ಳಿಯ ಹುಡುಗಿಯೊಬ್ಬಳಿಗೆ ಹೆಚ್ಚು ಉಪಯೋಗವಾಗುವುದು ಎರಡನೆಯದು. ಏಕೆಂದರೆ ಅಲ್ಲಿ ಕೇಳಿದರೆ ಉತ್ತರಿಸುವವರೊಬ್ಬರು ಇರುತ್ತಾರೆ, ಮನೆಯಲ್ಲಿ ಒಂದೇ ಫೋನಿದ್ದು ಅದು ಅಣ್ಣನ ಕೈಯಲ್ಲಿದ್ದರೂ ಅವಳ ಕಲಿಕೆ ನಿಲ್ಲುವುದಿಲ್ಲ.

ಆದ್ದರಿಂದ ವೈತ್ತಿರಿ, ಮಾನಂದವಾಡಿ, ಸುಲ್ತಾನ್ ಬತ್ತೇರಿ ಎಂಬ ಮೂರು ತಾಲೂಕು ಕೌನ್ಸಿಲುಗಳಲ್ಲಿ ತಲಾ ಒಂದು ಗ್ರಂಥಾಲಯವನ್ನು ಮೊದಲಿಗೆ ಆರಿಸಿ, ಅಲ್ಲಿನ ಗ್ರಂಥಪಾಲಕರಿಗೆ ಪೂರ್ಣ ಸಮಯದ ಸಂಬಳವನ್ನೂ ದತ್ತಸಂಚಯಗಳ ಬಳಕೆಯಲ್ಲಿ ತರಬೇತಿಯನ್ನೂ ಕೊಡಬೇಕೆಂದು, ಕೆ-ಫೋನ್ ಸಂಪರ್ಕವನ್ನು ಆ ಕಟ್ಟಡಗಳಿಗೆ ಆದ್ಯತೆಯ ಮೇಲೆ ಎಳೆಸಬೇಕೆಂದು, ತರಗತಿಗಳ ವೇಳೆಯನ್ನು ತೋಟದ ಕೆಲಸ ಮುಗಿಸಿ ಬರುವ ಹೆಂಗಸರ ಅನುಕೂಲ ನೋಡಿ ಗೊತ್ತುಮಾಡಬೇಕೆಂದು, ಕನ್ನಡ ಬಲ್ಲ ಒಬ್ಬ ಸಹಾಯಕರನ್ನಾದರೂ ಬತ್ತೇರಿಯಲ್ಲಿ ನೇಮಿಸಬೇಕೆಂದು ಕೋರಲಾಗಿದೆ. ಪಣಿಕ್ಕರ್ ಅವರ ನೆನಪಿಗೆ ಆಚರಿಸುವ ಜೂನ್ 19ರ ವಾಚನ ದಿನದಂದು ಈ ಮೂರು ಗ್ರಂಥಾಲಯಗಳ ಹೆಸರನ್ನು ಪ್ರಕಟಿಸಿದರೆ, ಮಳೆಗಾಲ ಮುಗಿದು ಮುಂದಿನ ಶುಂಠಿ ಬೆಳೆಗೆ ಜಮೀನು ಹುಡುಕುವ ಕಾಲ ಬರುವ ಮೊದಲೇ ಪಹಣಿಯ ಮೊದಲ ತರಗತಿ ನಡೆಸಲು ಸಮಯವಿರುತ್ತದೆ.


ವಯನಾಡಿನ ಹಾಗೂ ಗಡಿಸೀಮೆಯ ಕನ್ನಡ ಓದುಗರ ಪರವಾಗಿ